ಒಶಾಂತಿ: ಒಂದು ಮಾತು, ಎರಡು ಕೌಂಟರು

(ಸಮಾಜಕಾರ್ಯ ವಿದ್ಯಾರ್ಥಿಗಳು ಹಾಗೂ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ ನೆರವಾಗುವ ಸಾಂತ್ವನ ಕೇಂದ್ರಗಳ ಆಪ್ತಸಮಾಲೋಚಕಿಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಒಂದು ಪದದಿಂದ ಶುರು ಮಾಡುತ್ತೇನೆ. ಅಶಾಂತಿ. ನಮ್ಮ ಪೇಪರುಗಳಲ್ಲಿ ದಿನಾ ಕಾಣುವ ಪದ. ಗಲಭೆಯಾದ ಊರಿನ ಬಗ್ಗೆ, ಗಡಿಯ ಬಗ್ಗೆ ಬರೆಯುವಾಗ ಬಳಸುತ್ತೇವೆ. ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಯ ಉಖಿಯಾ ಮತ್ತು ಟೆಕ್ನಾಫ್‌ನಲ್ಲಿ ರೋಹಿಂಗ್ಯಾ ನಿರಾಶ್ರಿತರ ಶಿಬಿರಗಳಿವೆಯಲ್ಲ, ಅಲ್ಲಿನ ಹೆಂಗಸರ ಬಾಯಲ್ಲಿ ಇದೇ ಪದ 'ಒಶಾಂತಿ' ಆಗಿ ಬರುತ್ತದೆ. ಎದೆಯಲ್ಲಿ ಏನೋ ಕುದಿಯುತ್ತಿದೆ, ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು ಅನ್ನುವುದಕ್ಕೂ ಒಶಾಂತಿ. ಗಂಡ ಹೊಡೆಯುತ್ತಾನೆ ಅನ್ನುವುದಕ್ಕೂ ಒಶಾಂತಿ. ಶಿಬಿರಗಳಲ್ಲಿ ಹೆಂಗಸರಿಗೆಂದೇ ಮಾಡಿರುವ ಬಿದಿರಿನ ಮನೆಗಳಿಗೆ ಅವರು ಇಟ್ಟುಕೊಂಡ ಹೆಸರು 'ಶಾಂತಿ ಖಾನಾ'. ಒಶಾಂತಿ ಇರುವವಳು ಹೋಗಿ ಕೂರುವ ಜಾಗ.

ಮೊದಲ ಸಲ ಆ ಹೆಸರು ಕೇಳಿದಾಗ ನನಗೆ ಮೈ ಜುಂ ಎಂದಿತು. ಅಷ್ಟು ದೂರದ ಜನ, ಅಷ್ಟು ಹತ್ತಿರದ ಮಾತು. ಅವರ ಮಾತಿನಲ್ಲಿ ಚಿಂತೆಗೆ ಚಿಂತಾ ಅನ್ನುತ್ತಾರೆ. ಹಿಂಸೆಗೆ ಜುಲುಮ್. ನಮ್ಮ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅತ್ಯಾಚಾರವನ್ನು ಹೆಸರಿಟ್ಟು ಹೇಳುವುದಿಲ್ಲ, ಬೇಇಜ್ಜತಿ ಆಯಿತು ಅನ್ನುತ್ತಾರೆ. ನೋವಿಗೆ ಬಿಷ್ ಅನ್ನುತ್ತಾರೆ, ನಮ್ಮ ವಿಷವೇ ಅದು. ತಲೆನೋವು ಅಂದರೆ ತಲೆಯಲ್ಲಿ ವಿಷ.

ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ಒಶಾಂತಿ ಅನ್ನುವ ಪದದೊಳಗೇ ಇದೆ. ಆ ಹೆಂಗಸಿಗೆ ಅದು ಒಂದೇ ಮಾತು. ನಾವು ಸಹಾಯ ಮಾಡುವವರು ಅದನ್ನು ಸೀಳಿ ಎರಡು ಕೌಂಟರು ಮಾಡಿದ್ದೇವೆ. ಒಂದು ಕೌಂಟರಿನಲ್ಲಿ ಕೌಟುಂಬಿಕ ದೌರ್ಜನ್ಯ, ಇನ್ನೊಂದರಲ್ಲಿ ಮಾನಸಿಕ ಆರೋಗ್ಯ. ಎರಡಕ್ಕೂ ಬೇರೆ ಬೇರೆ ಸಂಸ್ಥೆ, ಬೇರೆ ಫಾರಂ, ಬೇರೆ ಅನುದಾನ. ಅವಳು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಅಲೆಯುತ್ತಾಳೆ. ಸುಮಾರು ಹೆಂಗಸರು ಅಲೆಯುವುದೂ ಇಲ್ಲ, ಮನೆಗೆ ಹೋಗಿಬಿಡುತ್ತಾರೆ.

ನಾನು 2018ರ ಕೊನೆಯಿಂದ 2019ರ ಮಳೆಗಾಲದವರೆಗೆ ಅಲ್ಲಿದ್ದೆ. ಶಿಬಿರದ ಸ್ವಯಂಸೇವಕಿಯರಿಗೆ ಆಪ್ತಸಮಾಲೋಚನೆಯ ಮೊದಲ ಪಾಠಗಳನ್ನು ಹೇಳಿಕೊಡುವುದು ನನ್ನ ಕೆಲಸ. ಹೇಳಿಕೊಟ್ಟಿದ್ದಕ್ಕಿಂತ ಕಲಿತದ್ದೇ ಹೆಚ್ಚು. ಒಂದು ಬೆಳಗಿನ ಕಥೆ ಹೇಳುತ್ತೇನೆ.

ಗುಡ್ಡದ ಮೇಲೊಂದು ಸಣ್ಣ ಆರೋಗ್ಯ ಕೇಂದ್ರ. ಬಿದಿರಿನ ಗೋಡೆ, ಮೇಲೆ ಟಾರ್ಪಾಲು, ಹೊರಗೆ ಕೆಸರು. ಇಪ್ಪತ್ತೈದು ಇಪ್ಪತ್ತಾರರ ಒಬ್ಬಾಕೆ ಬಂದಳು. ಕಪ್ಪು ಬುರ್ಖಾ, ಕೈಯಲ್ಲಿ ಮಡಿಸಿದ ಛತ್ರಿ. ಅಲ್ಲಿ ಛತ್ರಿ ಬರೀ ಮಳೆಗೆ, ಬಿಸಿಲಿಗೆ ಅಲ್ಲ. ದಾರಿಯಲ್ಲಿ ಗಂಡಸರು ಎದುರಾದರೆ ಅದನ್ನು ಓರೆ ಹಿಡಿದು ಮರೆಯಾಗುತ್ತಾರೆ. ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದಳು. ಒಂದೇ ತಿಂಗಳಲ್ಲಿ ಮೂರನೇ ಸಲ ಬರುತ್ತಿದ್ದಾಳೆ ಎಂದು ಚೀಟಿ ಬರೆಯುವವರು ಹೇಳಿದರು. ಭಾಷಾಂತರಕ್ಕೆ ಕೂತವನು ಚಿತ್ತಗಾಂಗಿನ ಹುಡುಗ. ಅವರ ಮಾತಿಗೂ ರೋಹಿಂಗ್ಯಾ ಮಾತಿಗೂ ನಂಟಿದೆ, ಆದರೆ ಎರಡೂ ಒಂದೇ ಅಲ್ಲ. ಅದಕ್ಕಿಂತ ಮುಖ್ಯ, ಅವನು ಗಂಡು ಹುಡುಗ. ಆಕೆ ಎರಡು ನಿಮಿಷ ಮಾತಾಡಿದಳು. ಅವನು ಒಂದು ಸಾಲಿನಲ್ಲಿ ಹೇಳಿದ: 'ತಲೆನೋವಂತೆ, ನಿದ್ದೆ ಇಲ್ಲವಂತೆ.' ಪ್ಯಾರಾಸಿಟಮಾಲ್ ಚೀಟಿ ಬರೆದಾಯಿತು.

ಆ ಎರಡು ನಿಮಿಷದಲ್ಲಿ ಒಶಾಂತಿ ಅನ್ನುವ ಪದ ಮೂರು ಸಲ ಬಂದಿತ್ತು. ನನಗೆ ತಿಳಿದದ್ದು ಅದೊಂದೇ. ನಮ್ಮ ಸ್ವಯಂಸೇವಕಿ, ಅವಳೂ ರೋಹಿಂಗ್ಯಾ ಹೆಣ್ಣು, ಆಕೆಯನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ ಕೂರಿಸಿದಳು. ಎಲೆಯಡಿಕೆ ಕೊಟ್ಟಳು. ಆಮೇಲೆ ನಾನು ಹೇಳಿಕೊಟ್ಟಿದ್ದ ಪ್ರಶ್ನೆಯನ್ನೇ ಕೇಳಿದಳು: 'ದಿಲ್‌ನಲ್ಲಿ ಒಶಾಂತಿಯೋ, ಮನೆಯಲ್ಲಿ ಒಶಾಂತಿಯೋ?' ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಮ್ಮಿಬ್ಬರ ಮುಖ ನೋಡಿದಳು. ಕೊನೆಗೆ ಬಲಗೈ ತೋಳನ್ನು ಮೇಲಕ್ಕೆ ಸರಿಸಿದಳು. ಮೊಣಕೈ ಮೇಲೆ ಬಿದಿರಿನ ಸೀಳು ಬಿದ್ದಷ್ಟು ಉದ್ದದ ಬಾಸುಂಡೆ. ಪಕ್ಕದಲ್ಲಿ ಹಳದಿಗೆ ತಿರುಗಿದ ಇನ್ನೊಂದು, ಅದು ಹಿಂದಿನ ವಾರದ್ದು.

ತಲೆನೋವು ಸುಳ್ಳಾಗಿರಲಿಲ್ಲ. ಅದಕ್ಕೆ ಮಾತ್ರೆ ಕೊಟ್ಟು ಕಳಿಸುತ್ತಿದ್ದವರು ಕೆಟ್ಟವರೂ ಅಲ್ಲ, ದಿನಕ್ಕೆ ನೂರಾರು ಜನರನ್ನು ನೋಡುತ್ತಿದ್ದವರು. ಆದರೆ ಮೂರು ಸಲ ಬಂದಾಗಲೂ ಆಕೆಯ ತೋಳಿನ ಕಡೆ ಯಾರ ಕಣ್ಣೂ ಹೋಗಿರಲಿಲ್ಲ.

ಈ ಜನ ಅಲ್ಲಿಗೆ ಹೇಗೆ ಬಂದರು ಅನ್ನುವುದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಮ್ಯಾನ್ಮಾರಿನ ರಖೈನ್ ರಾಜ್ಯದ ಮುಸ್ಲಿಮರು ಇವರು. 1982ರ ಪೌರತ್ವ ಕಾನೂನು ಇವರನ್ನು ನಾಡಿನ ಜನರ ಪಟ್ಟಿಯಿಂದ ಹೊರಗಿಟ್ಟಿತು. 1978ರಲ್ಲಿ ಒಮ್ಮೆ, 1991–92ರಲ್ಲಿ ಇನ್ನೊಮ್ಮೆ ಲಕ್ಷಗಟ್ಟಲೆ ಜನ ಗಡಿ ದಾಟಿದ್ದರು. 2017ರ ಆಗಸ್ಟ್ 25ರ ನಂತರ ಸೇನೆ ಹಳ್ಳಿಗಳನ್ನು ಸುಟ್ಟಾಗ ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ನಾಫ್ ನದಿಯ ಈಚೆಗೆ ಬಂದರು. ಈಗ ಕಾಕ್ಸ್ ಬಜಾರಿನ ಶಿಬಿರಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು ಮತ್ತು ಹೆಣ್ಣುಮಕ್ಕಳು.

ಹೀಗೆ ಬಂದವರ ಮುಂದೆ ಪ್ರಪಂಚದ ಕ್ಯಾಮೆರಾಗಳೆಲ್ಲ ಬಂದು ನಿಂತವು. ಎಲ್ಲರ ಪ್ರಶ್ನೆಯೂ ಒಂದೇ: ಅಲ್ಲಿ ಏನಾಯಿತು? ಸೈನಿಕರು ಏನು ಮಾಡಿದರು? ಕೇಳಲೇಬೇಕಾದ ಪ್ರಶ್ನೆ ಅದು. ಆ ಅಪರಾಧಗಳ ದಾಖಲೆ ಆಗಲೇಬೇಕು. ಆದರೆ ನಮ್ಮ ಮನಃಶಾಸ್ತ್ರವೂ ಅದೇ ಪ್ರಶ್ನೆಯ ಹಿಂದೆ ಹೋಯಿತು. ನಿರಾಶ್ರಿತಳ ದುಃಖ ಅಂದರೆ ಅದು ಗಡಿಯಾಚೆಯದು, ಆಗಿಹೋದದ್ದು, ನೆನಪಿಗೆ ಸಂಬಂಧಪಟ್ಟದ್ದು ಎಂದು ಮೊದಲೇ ತೀರ್ಮಾನ ಮಾಡಿಕೊಂಡು ಕೂತೆವು. 'ನಿನ್ನೆ ರಾತ್ರಿ ಏನಾಯಿತು?' ಎಂದು ಕೇಳುವವರು ಕಡಿಮೆಯಾದರು.

ಉತ್ತರ ಬೇಕಿದ್ದವರಿಗೆ ಅದು ಮೊದಲೇ ಸಿಕ್ಕಿತ್ತು. 2017ರ ಮಹಾ ವಲಸೆಗೆ ಮುಂಚೆಯೇ, ಬಾಂಗ್ಲಾದೇಶದಲ್ಲಿ ವರ್ಷಗಟ್ಟಲೆ ಇದ್ದ ರೋಹಿಂಗ್ಯಾ ನಿರಾಶ್ರಿತರ ನಡುವೆ ಆಂಡ್ರ್ಯೂ ರೈಲಿ ಮತ್ತು ಅವರ ಸಂಗಡಿಗರು 148 ಜನರನ್ನು ಮಾತಾಡಿಸಿ ಒಂದು ಅಧ್ಯಯನ ಮಾಡಿದ್ದರು. ಶೇ. 36ರಷ್ಟು ಜನರಲ್ಲಿ ಆಘಾತದ ನಂತರದ ಒತ್ತಡದ ಲಕ್ಷಣಗಳಿದ್ದವು, ಶೇ. 89ರಷ್ಟು ಜನರಲ್ಲಿ ಖಿನ್ನತೆಯ ಲಕ್ಷಣಗಳು. ಚಿಕ್ಕ ಅಧ್ಯಯನ, ಅದನ್ನು ಎಲ್ಲರಿಗೂ ಅನ್ವಯಿಸಿ ಹೇಳಬಾರದು. ಅದರಲ್ಲಿ ನನಗೆ ಮುಖ್ಯ ಅನಿಸಿದ್ದು ಬೇರೆ. ಇವತ್ತಿನ ಖಿನ್ನತೆಗೆ ನಂಟಿದ್ದದ್ದು ಹಿಂದೆ ಅನುಭವಿಸಿದ ಕ್ರೌರ್ಯದ ಜೊತೆಗಲ್ಲ, ದಿನನಿತ್ಯದ ಒತ್ತಡದ ಜೊತೆಗೆ ಎಂದು ಅವರಿಗೆ ಕಂಡುಬಂತು. ಊಟದ ಚಿಂತೆ, ಹೊರಗೆ ಹೋಗಲಾಗದ ಕಟ್ಟು, ಭಯ. ದಿನನಿತ್ಯದ ಒತ್ತಡಕ್ಕೆ ಇಷ್ಟು ತೂಕವಿದೆ ಎಂದು ಮನಃಶಾಸ್ತ್ರಜ್ಞರಾದ ಕೆನ್ನೆತ್ ಮಿಲ್ಲರ್ ಮತ್ತು ಆಂಡ್ರ್ಯೂ ರಾಸ್ಮುಸೆನ್ ಯುದ್ಧಪೀಡಿತ ನಾಡುಗಳ ಬಗ್ಗೆ 2010ರಲ್ಲೇ ವಾದಿಸಿದ್ದರು. ದಿನನಿತ್ಯದ ಒತ್ತಡದ ಪಟ್ಟಿಯಲ್ಲಿ ಮನೆಯೊಳಗಿನ ಹೊಡೆತವೂ ಇದೆ. ಹೆಂಗಸಿನ ಪಾಲಿಗೆ ಎಷ್ಟೋ ಸಲ ಅದೇ ಮೊದಲನೆಯದು.

ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ ಅನ್ನುವ ನೆರವು ಸಂಸ್ಥೆ 2019ರ ಉತ್ತರಾರ್ಧದಲ್ಲಿ ಕಾಕ್ಸ್ ಬಜಾರಿನ ತನ್ನ ಆರೋಗ್ಯ ಕೇಂದ್ರಗಳಿಗೆ ಬಂದ ಹೆಂಗಸರನ್ನು ಈ ಬಗ್ಗೆ ನೇರವಾಗಿ ವಿಚಾರಿಸಿತು. ನಾಲ್ವರಲ್ಲಿ ಒಬ್ಬರು ದೌರ್ಜನ್ಯಕ್ಕೆ ಒಳಗಾದವರು. ಆ ಪ್ರಕರಣಗಳಲ್ಲಿ ಶೇ. 81ರಲ್ಲಿ ಕೈ ಮಾಡಿದವನು ಗಂಡ ಅಥವಾ ಸಂಗಾತಿ. ಸೈನಿಕನಲ್ಲ, ಅಪರಿಚಿತನಲ್ಲ.

ಈ ಅಂಕಿ ಹೇಳಿದಾಗೆಲ್ಲ ಸಭೆಯಲ್ಲಿ ಯಾರಾದರೊಬ್ಬರು 'ಅವರ ಸಮಾಜವೇ ಹಾಗೆ' ಅನ್ನುತ್ತಾರೆ. ಅವರಿಗೆ ಕೊಡುವ ಉತ್ತರ ನಮ್ಮ ಮನೆಯಲ್ಲೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ವಿವಾಹಿತ ಮಹಿಳೆಯರ ಪ್ರಮಾಣ ದೇಶದಲ್ಲಿ ಶೇ. 29.3. ಕರ್ನಾಟಕದಲ್ಲಿ ಶೇ. 44.4, ದೇಶದ ರಾಜ್ಯಗಳಲ್ಲೇ ಅತಿ ಹೆಚ್ಚು. ಮನೆ, ಮಠ, ರೇಷನ್ ಕಾರ್ಡು, ಆಧಾರ್, ಪೊಲೀಸ್ ಠಾಣೆ ಎಲ್ಲ ಇರುವ ನಾಡು ಇದು. ಆದ್ದರಿಂದ ಹೊಡೆಯುವುದು ಯಾವ ಧರ್ಮದ, ಯಾವ ಭಾಷೆಯ ಗುಣ ಎಂದು ಹುಡುಕುವುದು ಬೇಡ. ಶಿಬಿರ ಅದಕ್ಕೆ ಏನನ್ನು ಸೇರಿಸುತ್ತದೆ, ಆ ಹೆಂಗಸಿನಿಂದ ಏನನ್ನು ಕಿತ್ತುಕೊಳ್ಳುತ್ತದೆ ಅನ್ನುವುದನ್ನು ನೋಡೋಣ.

ಶಿಬಿರದ ಗಂಡಸಿಗೆ ಹೊರಗೆ ಹೋಗಿ ದುಡಿಯಲು ಕಾನೂನಿನ ಅನುಮತಿ ಇಲ್ಲ. ಗದ್ದೆ ಗೇಯ್ದವನು, ಮೀನು ಹಿಡಿದವನು, ಅಂಗಡಿ ಇಟ್ಟಿದ್ದವನು ಬೆಳಗಿನಿಂದ ಸಂಜೆಯವರೆಗೆ ಚಹಾ ಅಂಗಡಿಯ ಬೆಂಚಿನ ಮೇಲೆ. ಟೆಕ್ನಾಫ್ ಗಡಿಯಲ್ಲಿ ಯಾಬಾ ಎನ್ನುವ ಮಾತ್ರೆಯ ಕಳ್ಳಸಾಗಣೆ ದೊಡ್ಡದು. ನಿದ್ದೆ ಕೆಡಿಸುವ, ರೊಚ್ಚಿಗೆಬ್ಬಿಸುವ ಅಮಲು ಅದು, ಶಿಬಿರದೊಳಕ್ಕೂ ಬರುತ್ತದೆ. ಸಣ್ಣ ಭತ್ಯೆಯ ಸ್ವಯಂಸೇವೆಯ ಕೆಲಸ ಹೆಂಡತಿಗೆ ಸಿಕ್ಕರೆ ಅದೂ ಜಗಳಕ್ಕೆ ಕಾರಣ. ಇನ್ನೊಂದು ಸಂಗತಿ ನನಗೆ ಅಲ್ಲಿಗೆ ಹೋಗುವವರೆಗೆ ಗೊತ್ತಿರಲಿಲ್ಲ. ರಖೈನ್‌ನಲ್ಲಿ ರೋಹಿಂಗ್ಯಾಗಳು ಮದುವೆಯಾಗಲು ಅಧಿಕಾರಿಗಳ ಅನುಮತಿ ಬೇಕಿತ್ತು, ಅದಕ್ಕೆ ದುಡ್ಡು ತೆರಬೇಕಿತ್ತು. ಗಡಿ ದಾಟಿದ ಮೇಲೆ ಆ ಕಟ್ಟು ಕಳಚಿತು. ಅದರ ಜೊತೆಗೇ ಎರಡನೇ ಮದುವೆಗಳೂ ಸುಲಭವಾದವು. ಮೊದಲ ಹೆಂಡತಿ ಅದೇ ಟಾರ್ಪಾಲಿನಡಿ ಉಳಿಯುತ್ತಾಳೆ, ಇಲ್ಲವೇ ಮಕ್ಕಳೊಂದಿಗೆ ಬೀದಿಗೆ ಬೀಳುತ್ತಾಳೆ.

ಒಂದು ಎಚ್ಚರಿಕೆ. 'ಪಾಪ, ಅವನಿಗೂ ಕೆಲಸವಿಲ್ಲ, ಮಾನ ಹೋಗಿದೆ, ಅದಕ್ಕೇ ಹೊಡೆಯುತ್ತಾನೆ' ಅನ್ನುವ ವಿವರಣೆ ಬಹಳ ಬೇಗ ಕ್ಷಮೆಯಾಗಿಬಿಡುತ್ತದೆ. ಅದೇ ಗಂಡಸು ರೇಷನ್ ಸಾಲಿನಲ್ಲಿ ತನ್ನನ್ನು ದಬಾಯಿಸಿದವನ ಮೇಲೆ ಕೈ ಎತ್ತುವುದಿಲ್ಲ. ಮಾಝಿಯ ಮೇಲೆ ಎತ್ತುವುದಿಲ್ಲ. ಮಾಝಿ ಅಂದರೆ ಶಿಬಿರದ ಒಂದು ಬ್ಲಾಕಿನ ಮುಖಂಡ, ಹೆಚ್ಚುಕಡಿಮೆ ಎಲ್ಲರೂ ಗಂಡಸರೇ. ಎಲ್ಲಿ ಕೈ ಎತ್ತಿದರೆ ನಡೆಯುತ್ತದೆ ಅನ್ನುವ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವನ ದುಃಖ ನಿಜ. ಅದಕ್ಕೂ ಸಹಾಯ ಸಿಗಬೇಕು. ಆ ಸಹಾಯವನ್ನು ಹೆಂಡತಿಯ ಬೆನ್ನಿನ ಖರ್ಚಿನಲ್ಲಿ ಮಾಡಲಾಗದು.

ಹೆಂಗಸಿನಿಂದ ಶಿಬಿರ ಕಿತ್ತುಕೊಳ್ಳುವುದು ತವರನ್ನು. ನಮ್ಮಲ್ಲಿ ಹೊಡೆತ ತಿಂದವಳು ಎರಡು ಸೀರೆ ಗಂಟು ಕಟ್ಟಿಕೊಂಡು ತವರಿಗೆ ಹೋಗುತ್ತಾಳಲ್ಲ, ಆ ದಾರಿ ಅಲ್ಲಿಲ್ಲ. ಅಣ್ಣ ಸತ್ತಿರಬಹುದು. ಬದುಕಿದ್ದರೂ ಇನ್ನೊಂದು ಶಿಬಿರದಲ್ಲಿ ಇಂಥದ್ದೇ ಒಂದು ಕೋಣೆಯಲ್ಲಿ ಏಳು ಜನರೊಂದಿಗೆ ಇರುತ್ತಾನೆ. ರೇಷನ್ ಕುಟುಂಬದ ಕಾರ್ಡಿನ ಮೇಲೆ ಬರುತ್ತದೆ. ಗಂಡನನ್ನು ಬಿಟ್ಟರೆ ಕಾರ್ಡು ಒಡೆಯಬೇಕು, ಅದಕ್ಕೆ ಮಾಝಿಯ ಮಾತು ಬೇಕು, ಕಚೇರಿ ಸುತ್ತಬೇಕು. 2023ರ ಮಾರ್ಚ್‌ನಲ್ಲಿ ವಿಶ್ವ ಆಹಾರ ಕಾರ್ಯಕ್ರಮ ದುಡ್ಡಿಲ್ಲದೆ ಒಬ್ಬರ ತಿಂಗಳ ಪಾಲನ್ನು 12 ಡಾಲರಿನಿಂದ 10ಕ್ಕೆ, ಜೂನ್‌ನಲ್ಲಿ 8ಕ್ಕೆ ಇಳಿಸಿತು. ಎಂಟು ಡಾಲರ್ ಅಂದರೆ ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು 660 ರೂಪಾಯಿ. ಆಗ ಒಂದು ತಿಂಗಳ ಊಟಕ್ಕೆ ಸಿಕ್ಕಿದ್ದು ಅಷ್ಟೇ. ಆ ಕಾರ್ಡು ಗಂಡನ ಲುಂಗಿಯ ಗಂಟಿನಲ್ಲಿದ್ದರೆ 'ನೀನೇಕೆ ಬಿಟ್ಟು ಬರಬಾರದು?' ಎಂದು ಅವಳನ್ನು ಕೇಳುವ ಬಾಯಿ ನಮಗೆ ಇರಬಾರದು.

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಅನ್ನುತ್ತೇವೆ. ಆ ಗಾದೆಯ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಸಾಂತ್ವನ ಕೇಂದ್ರದಲ್ಲಿ ಕೂತವರಿಗೆ ಗೊತ್ತು, ಎಷ್ಟೋ ಮನೆಗಳಲ್ಲಿ ಜಗಳ ಶುರುವಾಗುವುದೇ ಉಂಡು ಮಲಗಿದ ಮೇಲೆ. ಶಿಬಿರದಲ್ಲಿ ಮನೆ ಮನೆಯ ನಡುವೆ ಒಂದು ಬಿದಿರಿನ ತಟ್ಟಿ. ಹೊಡೆತದ ಸದ್ದು ಮೂರು ಮನೆಗೆ ಕೇಳುತ್ತದೆ. ಕೇಳಿದವರೆಲ್ಲ ಕೇಳದವರಂತೆ ಇರುತ್ತಾರೆ. ಬೆಳಿಗ್ಗೆ ಕೊಳಾಯಿಯ ಹತ್ತಿರ ಎಲ್ಲರೂ ಅವಳ ಮುಖ ನೋಡುತ್ತಾರೆ. ಆ ನೋಟವೇ ಎರಡನೇ ಹೊಡೆತ ಎಂದು ಒಬ್ಬಾಕೆ ನನಗೆ ಹೇಳಿದ್ದಳು.

ಇಲ್ಲಿ ವಿದ್ಯಾರ್ಥಿಗಳು ಸ್ವಲ್ಪ ಗಮನ ಕೊಡಬೇಕು, ಏಕೆಂದರೆ ನಾವು ಓದಿದ ಪಾಠವೇ ನಮ್ಮನ್ನು ತಪ್ಪುದಾರಿಗೆ ಎಳೆಯುವ ಜಾಗ ಇದು. ಆಘಾತದ ಲಕ್ಷಣಗಳನ್ನು ಅಳೆಯುವ ಪ್ರಶ್ನಾವಳಿಗಳಲ್ಲಿ 'ಯಾವಾಗಲೂ ಮೈಯೆಲ್ಲ ಕಣ್ಣಾಗಿರುತ್ತೀರಾ? ಸಣ್ಣ ಸದ್ದಿಗೂ ಬೆಚ್ಚುತ್ತೀರಾ?' ಅನ್ನುವ ಪ್ರಶ್ನೆ ಇರುತ್ತದೆ. ಹೌದು ಅಂದರೆ ಒಂದು ಅಂಕ. ಆದರೆ ಯಾಬಾ ನುಂಗಿದ ಗಂಡ ರಾತ್ರಿ ಯಾವ ಹೊತ್ತಿಗೆ ಬರುತ್ತಾನೋ ಗೊತ್ತಿಲ್ಲದವಳು ಕೆಸರಿನಲ್ಲಿ ಚಪ್ಪಲಿಯ ಸದ್ದು ಕೇಳಿ ಬೆಚ್ಚಿ ಏಳುವುದು ರೋಗವೇ? ಅದು ಅವಳನ್ನು ಇಲ್ಲಿಯವರೆಗೆ ಉಳಿಸಿಕೊಂಡು ಬಂದ ಬುದ್ಧಿ. ಆ ಸದ್ದು ಕೇಳಿ ಅವಳು ಮಗುವನ್ನು ಎತ್ತಿಕೊಂಡು ಹಿಂದಿನ ತಟ್ಟಿ ಸರಿಸಿ ಪಕ್ಕದ ಮನೆಗೆ ಹೋಗುತ್ತಾಳೆ. ಅವಳಿಗೆ ನಿದ್ದೆ ಮಾತ್ರೆ ಕೊಟ್ಟರೆ ಏನಾಗುತ್ತದೆ ಎಂದು ಯೋಚಿಸಿ ನೋಡಿ. ಆಘಾತದ ಹೊಸದರಲ್ಲಿ ಬರುವ ನಿದ್ರಾಹೀನತೆಗೆ ಡಯಾಜೆಪಾಮ್ ಥರದ ಮಾತ್ರೆ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲೇ ಹೇಳಿದೆ. ನನ್ನ ಕಾರಣ ಇನ್ನೂ ಸರಳ: ಎಚ್ಚರವಿರಬೇಕಾದವಳನ್ನು ನಾವು ಮಲಗಿಸಬಾರದು. ಮೊದಲು ಕೇಳಬೇಕಾದದ್ದು, ನಿದ್ದೆ ಯಾಕೆ ಬರುವುದಿಲ್ಲ, ಯಾವ ರಾತ್ರಿ ಬರುವುದಿಲ್ಲ, ಅವನಿಲ್ಲದ ರಾತ್ರಿ ಬರುತ್ತದೆಯೇ?

ಹಾಗೆಂದು ಮಾತ್ರೆಯೇ ಬೇಡ, ಡಾಕ್ಟರೇ ಬೇಡ ಅನ್ನುವವಳಲ್ಲ ನಾನು. ತೀವ್ರ ಖಿನ್ನತೆ ಬಂದವರನ್ನು ಅಲ್ಲಿ ನೋಡಿದ್ದೇನೆ. ಮಗುವಿಗೆ ಹಾಲು ಕೊಡುವುದನ್ನೂ ಬಿಟ್ಟು ತಟ್ಟಿಗೆ ಮುಖ ಮಾಡಿ ಕೂತವರು. ಅವರಿಗೆ ಚಿಕಿತ್ಸೆ ಬೇಕು, ಬೇಗ ಬೇಕು. 'ಸತ್ತರೆ ಸಾಕು' ಅನ್ನುವ ಮಾತು ಬಂದರೆ ನೇರವಾಗಿ ಕೇಳಿ: ಸಾಯಬೇಕು ಅನಿಸುತ್ತದೆಯೇ, ಹೇಗೆ ಎಂದು ಯೋಚಿಸಿದ್ದೀಯಾ? ಕೇಳಿದರೆ ಆ ಯೋಚನೆ ತಲೆಯಲ್ಲಿ ಬಿತ್ತಿದಂತಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕೇಳದೆ ಬಿಟ್ಟರೆ ಅವಳು ಒಂಟಿಯಾಗುತ್ತಾಳೆ, ಅಷ್ಟೇ.

ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಆ ತೋಳಿನ ಬಾಸುಂಡೆಯ ಹುಡುಗಿಯ ವಿಷಯದಲ್ಲೇ. ನಾನು ನಮ್ಮೂರಿನ ಅಭ್ಯಾಸದಲ್ಲಿ ಇಬ್ಬರನ್ನೂ ಎದುರು ಕೂರಿಸಿ ಮಾತಾಡೋಣ ಎಂದುಕೊಂಡೆ. ನಾಲ್ಕು ಹಿರಿಯರು ಸೇರಿ ಬುದ್ಧಿ ಹೇಳಿದರೆ ಸರಿಹೋಗುತ್ತದೆ ಅನ್ನುವ ನಂಬಿಕೆ ನಮ್ಮ ರಕ್ತದಲ್ಲೇ ಇದೆ. ಅಲ್ಲಿ ಅದಕ್ಕೆ ಶಾಲಿಶ್ ಅನ್ನುತ್ತಾರೆ. ಆಕೆ ಬೇಡ ಅನ್ನಲಿಲ್ಲ. ಬೇಡ ಅನ್ನಲು ಅವಳಿಗೆ ನಾನು ಜಾಗ ಕೊಟ್ಟಿದ್ದೆನೇ ಎಂದು ಈಗ ಕೇಳಿಕೊಳ್ಳುತ್ತೇನೆ. ಮಾಝಿಯ ಮೂಲಕ ಗಂಡನನ್ನು ಕರೆಸಿದೆವು. ಅವನು ಬಂದು ತಲೆ ತಗ್ಗಿಸಿ ಕೂತ, ಎಲ್ಲದಕ್ಕೂ ಹೂಂ ಅಂದ. ನನಗೆ ಸಮಾಧಾನವಾಯಿತು. ಆಮೇಲೆ ಮೂರು ವಾರ ಆಕೆ ಕಾಣಲಿಲ್ಲ. ಮನೆಯ ಸಂಗತಿಯನ್ನು ಹೊರಗೆ ಹೇಳಿದಳು ಅನ್ನುವುದು ಅವನಿಗೆ ನಮ್ಮಿಂದಲೇ ಗೊತ್ತಾಗಿತ್ತು. ಮತ್ತೆ ಬಂದಾಗ ಬುರ್ಖಾದ ತೋಳು ಮಣಿಕಟ್ಟಿನವರೆಗೆ ಇತ್ತು, ಸರಿಸು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹೊಡೆತ ನಡೆಯುತ್ತಿರುವಾಗ ರಾಜಿ ಪಂಚಾಯಿತಿ ಮಾಡಬಾರದು ಅನ್ನುವುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಕಲಿತದ್ದು ಆ ದಿನ.

ಆಮೇಲೆ ಸ್ವಯಂಸೇವಕಿ ಮತ್ತು ಆಕೆ ಕೂತು ಬೇರೆ ಕೆಲಸ ಮಾಡಿದರು. ತೀರಾ ಸಣ್ಣ ಕೆಲಸ. ಯಾವ ನೆರೆಮನೆಯವಳು ರಾತ್ರಿ ತಟ್ಟಿ ತೆರೆಯುತ್ತಾಳೆ? ಮಕ್ಕಳ ಲಸಿಕೆ ಚೀಟಿ, ಗುರುತಿನ ಕಾಗದ ಎಲ್ಲಿವೆ, ಅವುಗಳನ್ನು ಯಾರ ಮನೆಯಲ್ಲಿ ಇಡಬಹುದು? ದೊಡ್ಡ ಮಗಳಿಗೆ ಎಂಟು ವರ್ಷ, ಯಾವ ಮಾತು ಹೇಳಿದರೆ ಅವಳು ತಮ್ಮನನ್ನು ಎತ್ತಿಕೊಂಡು ಓಡಬೇಕು? ಗುರುವಾರ ಶಾಂತಿ ಖಾನಾದಲ್ಲಿ ಹೊಲಿಗೆ ಇರುತ್ತದೆ, ಹೊಲಿಗೆಗೆ ಹೋಗುತ್ತೇನೆ ಅಂದರೆ ಗಂಡನಿಗೆ ಅನುಮಾನವಿಲ್ಲ. ಉಸಿರಾಟದ ಅಭ್ಯಾಸವನ್ನೂ ಅಲ್ಲೇ ಹೇಳಿಕೊಟ್ಟರು. ಇದರಲ್ಲಿ ಯಾವುದು ರಕ್ಷಣೆ, ಯಾವುದು ಮನಸ್ಸಿನ ಚಿಕಿತ್ಸೆ? ಮಕ್ಕಳ ಕಾಗದ ಬೇರೆ ಮನೆ ಸೇರಿದ ವಾರ ಆಕೆಯ ಹಣೆಯ ಬಟ್ಟೆ ಸಡಿಲವಾಗಿತ್ತು ಎಂದು ಸ್ವಯಂಸೇವಕಿ ಹೇಳಿದಳು. ಹೊಡೆತ ನಿಂತಿರಲಿಲ್ಲ.

ಮನೋವೈದ್ಯರಿಲ್ಲದೆ ಇಂಥ ಕೆಲಸ ನಡೆಯುತ್ತದೆಯೇ ಅನ್ನುವವರಿಗೆ ನಾನು ಬಳ್ಳಾರಿಯನ್ನು ನೆನಪಿಸುತ್ತೇನೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗೆ ಹಳ್ಳಿಯಲ್ಲೇ ಆರೈಕೆ ಸಿಗುವಂತೆ ಮಾಡಿದರು. ಆ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅದೇ ವಿಚಾರ ಈಗ ಜಗತ್ತಿನ ನಿರಾಶ್ರಿತ ಶಿಬಿರಗಳಲ್ಲಿದೆ. ಉಗಾಂಡದ ರೈನೋ ಕ್ಯಾಂಪ್‌ನಲ್ಲಿ ದಕ್ಷಿಣ ಸುಡಾನಿನ 694 ನಿರಾಶ್ರಿತ ಮಹಿಳೆಯರೊಂದಿಗೆ ಒಂದು ಪ್ರಯೋಗ ನಡೆಯಿತು, 2020ರಲ್ಲಿ ಫಲಿತಾಂಶ ಬಂತು. ಐದು ವಾರ, ವಾರಕ್ಕೊಂದು ಕೂಟ, ಅವರ ಭಾಷೆಯಲ್ಲೇ ಮುದ್ರಿಸಿಕೊಂಡ ಧ್ವನಿ, ಅಕ್ಷರ ಬಾರದವರಿಗೂ ತಿಳಿಯುವ ಚಿತ್ರದ ಪುಸ್ತಕ. ನಡೆಸಿದವರು ಸಣ್ಣ ತರಬೇತಿ ಪಡೆದ ಸಾಮಾನ್ಯ ಹೆಂಗಸರು. ಮೂರು ತಿಂಗಳ ನಂತರ ನೋಡಿದಾಗ ಕೂಟಕ್ಕೆ ಬಂದವರ ಸಂಕಟ ಉಳಿದವರಿಗಿಂತ ಕಡಿಮೆಯಾಗಿತ್ತು.

ನನ್ನನ್ನು ಇನ್ನೂ ಹೆಚ್ಚು ಹಿಡಿದಿಟ್ಟ ಪ್ರಯತ್ನ ತಾಂಜಾನಿಯಾದ ನ್ಯಾರುಗುಸು ಶಿಬಿರದ್ದು. ಅಲ್ಲಿ ಕಾಂಗೋದಿಂದ ಬಂದ, ಸಂಗಾತಿಯಿಂದ ಹಿಂಸೆ ಅನುಭವಿಸುತ್ತಿದ್ದ ಮಹಿಳೆಯರಿಗೆ ಮನಸ್ಸಿನ ಆರೈಕೆಯನ್ನೂ ರಕ್ಷಣೆಯ ಸಲಹೆಯನ್ನೂ ಒಂದೇ ಕಾರ್ಯಕ್ರಮದಲ್ಲಿ ಸೇರಿಸಿ ಕೊಟ್ಟು ನೋಡಿದರು. ಹೆಸರು 'ನ್ಗುವು', ಸ್ವಾಹಿಲಿಯಲ್ಲಿ ಶಕ್ತಿ ಎಂದರ್ಥ. ಎರಡು ಕೌಂಟರುಗಳನ್ನು ಒಂದು ಮಾಡಲು ಯಾರೋ ಕೂತು ಯೋಚಿಸಿದ್ದಾರೆ ಅನ್ನುವುದೇ ನನಗೆ ದೊಡ್ಡ ಸಂಗತಿ.

ನಮ್ಮ ನೆಲಕ್ಕೆ ಬರುತ್ತೇನೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಬಾಂಗ್ಲಾದೇಶವೂ ಹಾಕಿಲ್ಲ. ಆದರೂ 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ರಾಜ್ಯ ಟಿಬೆಟನ್ನರಿಗೆ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು. ಉಳುವ ನೆಲ, ಶಾಲೆ, ಸ್ವಂತ ಸಂಘ ಇರುವ ನಿರಾಶ್ರಿತಳಿಗೂ, ಬೆಂಗಳೂರಿನ ಹೊರವಲಯದ ಶೀಟಿನ ಶೆಡ್ಡಿನಲ್ಲಿ ಚಿಂದಿ ಆಯ್ದು ಬದುಕುವ ರೋಹಿಂಗ್ಯಾ ಹೆಂಗಸಿಗೂ ನಿರಾಶ್ರಿತೆ ಅನ್ನುವುದು ಒಂದೇ ಪದ, ಬದುಕು ಮಾತ್ರ ಒಂದೇ ಅಲ್ಲ. ಎರಡನೆಯವಳು ಗಂಡ ಹೊಡೆದರೆ ಠಾಣೆಗೆ ಹೋಗುವುದಿಲ್ಲ. ದೂರು ಕೊಡಲು ಹೋದವಳ ಕಾಗದವನ್ನೇ ಮೊದಲು ಕೇಳುತ್ತಾರೆ ಅನ್ನುವ ಭಯ.

ಇಲ್ಲಿ ಕೂತಿರುವ ಸಾಂತ್ವನದ ಅಕ್ಕಂದಿರು ಒಂದನ್ನು ನೆನಪಿಟ್ಟುಕೊಳ್ಳಬೇಕು. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬಾಧಿತ ವ್ಯಕ್ತಿ ಅಂದರೆ ಯಾರು ಎಂದು ಹೇಳುವಾಗ 'ಯಾವುದೇ ಮಹಿಳೆ' ಅನ್ನುತ್ತದೆ. ಕೌಟುಂಬಿಕ ಸಂಬಂಧದಲ್ಲಿದ್ದು ಹಿಂಸೆ ಅನುಭವಿಸಿದ ಯಾವುದೇ ಮಹಿಳೆ. ಆ ವಾಕ್ಯದಲ್ಲಿ ಪೌರತ್ವದ ಮಾತಿಲ್ಲ. ನಿಮ್ಮ ಮೇಜಿನ ಮುಂದೆ ಅಂಥವಳು ಬಂದು ಕೂತರೆ ಮೊದಲ ಪ್ರಶ್ನೆ ಆಧಾರ್ ನಂಬರಾಗದಿರಲಿ. ಅವಳ ಗಂಡನನ್ನೋ ಮೈದುನನನ್ನೋ ಭಾಷಾಂತರಕ್ಕೆ ಕೂರಿಸಬೇಡಿ. ಮಕ್ಕಳನ್ನಂತೂ ಬೇಡವೇ ಬೇಡ. ಅಮ್ಮನಿಗೆ ಬಿದ್ದ ಏಟನ್ನು ಹತ್ತು ವರ್ಷದ ಮಗನ ಬಾಯಿಂದ ಕನ್ನಡದಲ್ಲಿ ಹೇಳಿಸಿದ್ದನ್ನು ನಾನು ಒಂದು ಕಡೆ ಕಂಡಿದ್ದೇನೆ.

ಶಾಂತಿ ಖಾನಾಗಳ ಗತಿ ಏನಾಯಿತು ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಶಿಬಿರಕ್ಕೆ ಹೋಗುವ ಸಿಬ್ಬಂದಿಯ ಸಂಖ್ಯೆಯನ್ನು ಬಹಳ ಇಳಿಸಿದರು. 2019ರ ಸೆಪ್ಟೆಂಬರಿನಿಂದ 2020ರ ಆಗಸ್ಟ್‌ವರೆಗೆ ಅಲ್ಲಿ ಮೊಬೈಲ್ ಇಂಟರ್ನೆಟ್ಟೂ ಬಂದ್ ಆಗಿತ್ತು. ಅಂದರೆ ಗಂಡ ಇಡೀ ದಿನ ಒಳಗೆ, ಸಹಾಯಕ್ಕೆ ಬರುವವರು ಹೊರಗೆ, ನಡುವೆ ದಾರಿಯೇ ಇಲ್ಲ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಮತ್ತೊಂದು ಪೆಟ್ಟು ಬಿತ್ತು.

ಆ ಸ್ವಯಂಸೇವಕಿ ಈಗಲೂ ನನಗೆ ಆಗೀಗ ಧ್ವನಿ ಸಂದೇಶ ಕಳಿಸುತ್ತಾಳೆ. ಅರ್ಧ ರೋಹಿಂಗ್ಯಾ, ಅರ್ಧ ಬಂಗಾಳಿ, ನಡುನಡುವೆ ನಾನು ಕಲಿಸಿದ 'ಹೇಗಿದ್ದೀರಿ ಅಕ್ಕ'. ಅವಳು ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಬೀಗ ಬಿದ್ದಿದೆ, ಭತ್ಯೆ ನಿಂತಿದೆ. ಹೆಂಗಸರು ಮನೆಗಳಲ್ಲಿ ಸೇರಿ ಧರ್ಮಪಾಠ ಓದುವ ತಾಲೀಮ್ ಅನ್ನುವ ಪದ್ಧತಿ ಅವರಲ್ಲಿದೆ, ಗಂಡಸರು ಅದಕ್ಕೆ ಅಡ್ಡ ಬರುವುದಿಲ್ಲ. ಅವಳು ಗುರುವಾರದ ತಾಲೀಮನ್ನು ತನ್ನ ಕೋಣೆಯಲ್ಲೇ ಇಟ್ಟುಕೊಂಡಿದ್ದಾಳೆ. ಓದು ಮುಗಿದ ಮೇಲೆ ಎಂಟು ಹತ್ತು ಜನ ಉಳಿಯುತ್ತಾರಂತೆ, ಸೂಜಿ ದಾರ ಹಿಡಿದು. ಹೋದ ಸಲದ ಸಂದೇಶದಲ್ಲಿ ಅವಳ ಮಾತಿನ ಹಿಂದೆ ಟಾರ್ಪಾಲಿನ ಮೇಲೆ ಮಳೆ ಬೀಳುವ ಸದ್ದಿತ್ತು, ಯಾರೋ ಮಗುವನ್ನು ತಟ್ಟುತ್ತಿದ್ದರು. ಇಬ್ಬರು ಹೆಂಗಸರ ಮಕ್ಕಳ ಕಾಗದ ಈಗ ತನ್ನ ಅಕ್ಕಿ ಡಬ್ಬದ ತಳದಲ್ಲಿದೆ, ಮಳೆಗೆ ನೆನೆಯದ ಹಾಗೆ ಇಡಲು ಪ್ಲಾಸ್ಟಿಕ್ ಕವರು ಬೇಕಿತ್ತು ಎಂದಳು.